ಚರಂಡಿಗೆ ಕೈ ಇಳಿಸುತ್ತಿದ್ದ ಅಶ್ವತ್ಥಪ್ಪನವರು

ಅಶ್ವತ್ಥಪ್ಪನವರು ಯಾವ ಕಾರ್ಖಾನೆಗೆ ಹೋದರೂ ನಮಸ್ಕಾರ ಹೇಳುವ ಮುಂಚೆ ಚರಂಡಿಗೆ ಕೈ ಇಳಿಸುತ್ತಿದ್ದರು. ಆಫೀಸು ರೂಮು, ಕುರ್ಚಿ, ಫ್ಯಾನು ಯಾವುದೂ ಅವರಿಗೆ ಬೇಕಿರಲಿಲ್ಲ. ಗೇಟಿನಿಂದ ನೇರವಾಗಿ ಹಿಂಭಾಗಕ್ಕೆ ನಡೆದು, ಅಂಗಿಯ ಎಡತೋಳನ್ನು ಮೊಣಕೈವರೆಗೆ ಮಡಚಿ, ಕುಕ್ಕರಗಾಲಲ್ಲಿ ಕೂತು, ಹೊರಗೆ ಹರಿಯುವ ನೀರಿನಲ್ಲಿ ಕೈಯಾಡಿಸುತ್ತಿದ್ದರು. ಬೆರಳುಗಳನ್ನು ಉಜ್ಜಿ ನೋಡಿ, ಮೂಸಿ, ಜೇಬಿನಿಂದ ಸೋಪಿನ ಡಬ್ಬಿ ತೆಗೆದು ಕೈ ತೊಳೆದುಕೊಂಡ ಮೇಲೆಯೇ, "ಹೂಂ, ಈಗ ಹೇಳಿ, ಚೆನ್ನಾಗಿದೀರಾ?" ಎನ್ನುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ಮುಖ ತಿರುಗಿಸಿಕೊಂಡಿದ್ದೆ.

ಅವರ ಊರು ವಿದುರಾಶ್ವತ್ಥದ ಹತ್ತಿರದ ಒಂದು ಹಳ್ಳಿ. ಕೆಲಸ ಮಾಲಿನ್ಯ ನಿಯಂತ್ರಣದ ಕಚೇರಿಯಲ್ಲಿ. ನಮ್ಮ ಕಡೆಯ ಕಾರ್ಖಾನೆಗಳು ಹೊರಗೆ ಬಿಡುವ ನೀರನ್ನು ಸೀಸೆಯಲ್ಲಿ ತುಂಬಿ, ಮೊಹರು ಹಾಕಿ, ಪರೀಕ್ಷೆಗೆ ಕಳಿಸುವುದು. ಸೀಸೆಗಳನ್ನಿಟ್ಟ ಐಸ್ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲೇ ಓಡಾಡುತ್ತಿದ್ದರು. ಎಷ್ಟೋ ಸಲ ಹುಡುಗರು ಅವರನ್ನು ಐಸ್‌ಕ್ರೀಮ್ ಮಾರುವವರೆಂದು ತಿಳಿದು ಬೆನ್ನು ಹತ್ತಿದ್ದರಂತೆ. "ಒಳಗಿರೋದನ್ನ ತೋರಿಸ್ದೆ, ಒಬ್ಬನೂ ನಿಲ್ಲಲಿಲ್ಲ," ಎಂದು ಹೇಳಿ ತಾವೇ ನಗುತ್ತಿದ್ದರು.

ನಮ್ಮದು ಶಿಡ್ಲಘಟ್ಟದ ಹೊರವಲಯದಲ್ಲಿರುವ ರೇಷ್ಮೆ ನೂಲು ಬಿಚ್ಚುವ ಘಟಕ. ದಿಬ್ಬೂರಹಳ್ಳಿಯಲ್ಲಿ ನಮ್ಮ ಹಿಪ್ಪುನೇರಳೆ ತೋಟವಿದೆ. ಬೆಳೆದ ಗೂಡನ್ನು ಮಾರುವ ಬದಲು ನಾವೇ ನೂಲು ತೆಗೆಯೋಣವೆಂದು ಹಟ ಹಿಡಿದವಳು ನಾನು. ತೋಟ ಯಜಮಾನರದ್ದು, ಘಟಕ ನನ್ನದು ಎಂದು ಒಪ್ಪಂದವಾಯಿತು. ಹದಿನೆಂಟು ಹೆಂಗಸರು ಬಿಸಿನೀರಿನ ಬೇಸಿನ್ನುಗಳ ಮುಂದೆ ಕೂತು ಬೆಂದ ಗೂಡಿನಿಂದ ಎಳೆ ತೆಗೆಯುತ್ತಿದ್ದರು. ಆ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿ ಸತ್ತ ಹುಳ ತೇಲುತ್ತದೆ, ನಾತ ಕೇಳಲೇಬೇಡಿ. ನನಗೇನೋ ಅಭ್ಯಾಸವಾಗಿಹೋಗಿತ್ತು. ಬೇಸಿನ್ನು ಖಾಲಿ ಮಾಡಿದಾಗ ನೀರು ಚರಂಡಿಗೆ, ಚರಂಡಿಯಿಂದ ಕೆಳಗಿನ ಹಳ್ಳಕ್ಕೆ ಹೋಗುತ್ತಿತ್ತು. ಆಮೇಲೆ ಎಲ್ಲಿಗೆ ಹೋಗುತ್ತದೆಂದು ನಾನು ಯೋಚಿಸಿದವಳಲ್ಲ.

ಆ ವರ್ಷ ನಮ್ಮ ಪರವಾನಗಿ ನವೀಕರಣವಾಗಬೇಕಿತ್ತು. ನೀರು ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಘಟಕ ಮುಚ್ಚಿಸುತ್ತಾರೆ, ಕರೆಂಟು ತೆಗೆಸುತ್ತಾರೆ. ಅಶ್ವತ್ಥಪ್ಪನವರು ಪಕ್ಕದ ಬೀದಿಗೆ ಬಂದಿದ್ದಾರೆಂಬ ಸುದ್ದಿ ಸಿಕ್ಕಿದ್ದೇ ತಡ, ನಮ್ಮಲ್ಲಿ ಎಲ್ಲರಿಗಿಂತ ಹಳಬಳಾದ ಮುನಿಯಮ್ಮನನ್ನು ಕರೆದು, ಬೋರ್‌ವೆಲ್ಲಿನ ಪೈಪನ್ನು ಚರಂಡಿಗೆ ಬಿಡಿಸಿದೆ. ಹತ್ತು ನಿಮಿಷದಲ್ಲಿ ಚರಂಡಿಯಲ್ಲಿ ತಿಳಿನೀರು. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿ, ಸೀರೆ ಸರಿಮಾಡಿಕೊಂಡು ನಿಂತೆ.

ಅವರು ಬಂದರು, ಕೂತರು, ಕೈ ಇಳಿಸಿದರು. ಎಂದಿಗಿಂತ ಹೆಚ್ಚು ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ಒಳಗೆ ಬೇಸಿನ್ನು ಎಲ್ಲಾ ಓಡ್ತಾ ಇದಾವಾ, ಸರೋಜಮ್ನೋರೇ?"

"ಎಲ್ಲಾ ಓಡ್ತಾ ಇದಾವೆ ಸಾರ್."

"ಮತ್ತೆ ನೀರು ಇಷ್ಟು ತಣ್ಣಗಿದೆಯಲ್ಲಮ್ಮಾ? ಗೂಡು ತಣ್ಣೀರಲ್ಲಿ ಬೇಯಿಸ್ತೀರಾ?"

ಬಾಗಿಲ ಹಿಂದೆ ಮುನಿಯಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಸಿಕ್ಕಿಬಿದ್ದಾಗ ಜೋರು ಮಾಡುವುದು ನನ್ನ ಹುಟ್ಟುಗುಣ. "ಏನ್ರೀ, ದೊಡ್ಡ ಕಾರ್ಖಾನೆಯೋರ ಮುಂದೆ ಹೋಗಿ ತೋರಿಸ್ರೀ ನಿಮ್ಮ ಪ್ರತಾಪಾನ! ಹದಿನೆಂಟು ಜನ ಹೆಣ್ಮಕ್ಕಳ ಹೊಟ್ಟೆ ಮೇಲೆ ಹೊಡಿಯಕ್ಕೆ ಬಂದಿದೀರಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಹೇಳಬಾರದ ಮಾತು ಇನ್ನೂ ಒಂದೆರಡು ಆಡಿದೆ.

ಅವರು ಸೋಪಿನಿಂದ ಕೈ ತೊಳೆಯುತ್ತಲೇ ಇದ್ದರು. "ಪೋನೀ, ಹೋಗ್ಲಿ ಬಿಡಮ್ಮ, ಬಯ್ಕೊಳ್ಳಿ. ನಾನು ಬರೆಯೋದು ನೀರಿನ ಮೇಲೆ, ನಿಮ್ಮ ಮೇಲಲ್ಲ," ಎಂದರು. ಆಮೇಲೆ ಮುನಿಯಮ್ಮನ ಕಡೆ ತಿರುಗಿ, "ನಿಮ್ಮನೆ ಎಲ್ಲಮ್ಮಾ?" ಎಂದು ಕೇಳಿದರು.

"ಇಲ್ಲೇ ಕೆಳಗೆ ಸಾಮಿ, ಹಳ್ಳದ ಪಕ್ಕ."

"ನೀರಿಗೇನು ಮಾಡ್ತೀರಿ?"

"ಬಾವಿ ಇತ್ತು ಸಾಮಿ. ಈಗ ಬಟ್ಟೆ ಒಗೆಯಕ್ಕೂ ಆಗಲ್ಲ, ನಾತ. ದೂರದಿಂದ ಹೊತ್ಕೊಂಡು ಬರ್ತೀವಿ."

ಆರು ವರ್ಷದಿಂದ ದಿನವೂ ನೋಡುತ್ತಿದ್ದ ಮುನಿಯಮ್ಮನನ್ನು ನಾನು ಈ ಮಾತು ಕೇಳಿರಲಿಲ್ಲ. ನಾಚಿಕೆಯಾಯಿತು. ಆದರೆ ಆಗಲೇ ಅಷ್ಟು ಕೂಗಾಡಿದ್ದೆನಲ್ಲ, ಮುಖ ಗಂಟಿಕ್ಕಿಕೊಂಡೇ ಇದ್ದೆ. ಅಶ್ವತ್ಥಪ್ಪನವರು ಪೈಪು ನಿಲ್ಲಿಸಿ, ಬೇಸಿನ್ನು ಖಾಲಿ ಮಾಡುವವರೆಗೆ ಕಲ್ಲಿನ ಮೇಲೆ ಕೂತಿದ್ದು, ಕಂದು ನೀರನ್ನೇ ತುಂಬಿಕೊಂಡು, ನನ್ನ ಸಹಿ ಹಾಕಿಸಿಕೊಂಡು ಹೋದರು.

ಕೆಲವು ವಾರಗಳಲ್ಲಿ ಮುಚ್ಚುವ ಆದೇಶ ಬಂತು, ಕರೆಂಟು ಹೋಯಿತು. ಹೆಂಗಸರು ದಿನಾ ಬಂದು ಗೇಟಿನ ಹೊರಗೆ ಕೂತು, "ಯಾವಾಗಕ್ಕಾ?" ಎಂದು ಕೇಳಿ ಹೋಗುತ್ತಿದ್ದರು. ನಾನು ಅಶ್ವತ್ಥಪ್ಪನವರಿಗೆ ಮೂರು ಹೊತ್ತೂ ಶಾಪ ಹಾಕುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ಬೆಳಗ್ಗೆ ಅವರೇ ಗೇಟಿನ ಮುಂದೆ ನಿಂತಿದ್ದರು. ಹೆಗಲ ಮೇಲೆ ಪೆಟ್ಟಿಗೆ ಇರಲಿಲ್ಲ. ಏನು ಎಂದೆ, ಒರಟಾಗಿ.

"ಮುಚ್ಚಿಸೋದು ನನ್ನ ನೌಕರಿ ಕಣಮ್ಮ. ತೆಗೆಸೋದಕ್ಕೆ ಅಂತ ಯಾರನ್ನೂ ಇಟ್ಟಿಲ್ಲ. ಇವತ್ತು ರಜ ಇತ್ತು, ಅದಕ್ಕೇ ಬಂದೆ."

ಒಂದು ಕಡ್ಡಿ ತೆಗೆದುಕೊಂಡು ಹಿಂದಿನ ಜಾಗದಲ್ಲಿ ಮೂರು ತೊಟ್ಟಿಗಳ ಗೆರೆ ಎಳೆದರು. ಹುಳ ಚರಂಡಿಗೆ ಹೋಗದಂತೆ ಮೊದಲೇ ಜಾಲರಿಯಲ್ಲಿ ಹಿಡಿದು ಒಣಗಿಸಬೇಕು, ಕೋಳಿ ಫಾರಂನವರು ಒಯ್ಯುತ್ತಾರೆ. ಮೊದಲ ತೊಟ್ಟಿಯಲ್ಲಿ ಗಸಿ ಕೂರಬೇಕು, ಎರಡನೆಯದರಲ್ಲಿ ಜಲ್ಲಿ ಮತ್ತು ಮರಳು, ಮೂರನೆಯದರಲ್ಲಿ ಉಳಿದ ಕೊಳೆ ಹೀರಿಕೊಳ್ಳಲು ಕಾಬಾಳೆ ಗಿಡ. "ಇಷ್ಟು ಸಾಕಾಗತ್ತೋ ಇಲ್ವೋ ಪರೀಕ್ಷೆ ಹೇಳಬೇಕು, ನಾನು ಹೇಳಂಗಿಲ್ಲ," ಎಂದು ಮೊದಲೇ ಎಚ್ಚರಿಸಿದರು. ಆಮೇಲೂ ನಾಲ್ಕು ಭಾನುವಾರ ಬಂದು ಗಾರೆಯವನ ಪಕ್ಕ ನಿಂತರು. ಬುತ್ತಿ ಅವರದೇ, ಹುಣಿಸೆಮರದ ನೆರಳಲ್ಲಿ ಕೂತು ತಿನ್ನುತ್ತಿದ್ದರು.

ತಿನ್ನುತ್ತಾ ಕತೆ ಹೇಳುವುದು ಅವರಿಗೆ ಇಷ್ಟ. ಅಂಬಾಜಿದುರ್ಗದ ಕಡೆ ಒಂದು ಕಲ್ಲು ಕ್ರಷರಿನವರು ಧೂಳೇ ಇಲ್ಲವೆಂದು ವಾದಿಸಿದರಂತೆ. ಇವರು ಒಗೆದ ಬಿಳಿ ಅಂಗಿ ಹಾಕಿಕೊಂಡು ಹೋಗಿ, ಅರ್ಧ ಗಂಟೆ ಸುಮ್ಮನೆ ನಿಂತು, ಕಾಲರ್ ತೋರಿಸಿ, "ಮನೇಲಿ ಹೆಂಡ್ತಿ ಕೇಳ್ತಾಳೆ, ನೀವೇ ಬಂದು ಉತ್ತರ ಹೇಳಿ ಸ್ವಾಮಿ," ಎಂದರಂತೆ. ಮಾರನೇ ವಾರದಿಂದ ಅಲ್ಲಿ ನೀರು ಚಿಮುಕಿಸತೊಡಗಿದರು ಎಂದು ಹೇಳುವಾಗ ಅವರ ಮುಖ ಅರಳುತ್ತಿತ್ತು.

ತೊಟ್ಟಿ ಮುಗಿದ ಮೇಲೆ, ಪರೀಕ್ಷೆಗೆಂದು ಒಂದು ದಿನ ಘಟಕ ಓಡಿಸಲು ಅನುಮತಿ ಸಿಕ್ಕಿತು. ಆ ದಿನದ ನೀರು ಕೂದಲೆಳೆಯಷ್ಟರಲ್ಲಿ ಫೇಲಾಯಿತು. "ಇಷ್ಟು ದಿನ ನೀವೇ ನಿಂತು ಮಾಡಿಸಿದೀರಿ, ಸ್ವಲ್ಪ ನೋಡಿ ಬರೆದು ಕಳಿಸಿ ಸಾರ್," ಎಂದು ಕೈ ಮುಗಿದೆ. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುತ್ತಿಲ್ಲ. "ನಂಗೂ ಬೇಜಾರಾಗ್ತಾ ಇದೆ ಸರೋಜಮ್ಮ. ಆದ್ರೆ ಸೀಸೇಲಿರೋದು ಅದೇ ಅಲ್ವಾ? ಮರಳು ಬದಲಾಯಿಸಣ," ಎಂದರು. ಬದಲಾಯಿಸಿದೆವು. ಎರಡನೇ ಸಲ ಪಾಸಾಯಿತು. ಘಟಕ ಮತ್ತೆ ಶುರುವಾದ ದಿನ ಕರೆದರೆ ಬರಲಿಲ್ಲ, ಗೌರಿಬಿದನೂರಿನಲ್ಲಿ ಇನ್ನಾರದೋ ಚರಂಡಿಯ ಮುಂದೆ ಕೂತಿದ್ದರು.

ಅವರು ನಿವೃತ್ತರಾದ ಸುದ್ದಿಯನ್ನು ಅವರೇ ಫೋನಿನಲ್ಲಿ ಹೇಳಿದರು. "ಆಯ್ತು ಸಾರ್, ಗೂಡು ಬಂದಿದೆ, ಆಮೇಲೆ ಮಾಡ್ತೀನಿ," ಎಂದು ಇಟ್ಟುಬಿಟ್ಟೆ. ಮಾಡಲಿಲ್ಲ.

ಈ ವರ್ಷ ಮತ್ತೆ ನವೀಕರಣ. ಈಗ ನೀರಿನ ವರದಿಯನ್ನು ನಾವೇ ಮಾಡಿಸಿ ಕಚೇರಿಗೆ ಕಳಿಸಬೇಕು, ಅದಕ್ಕೆ ಒಂದು ಖಾಸಗಿ ಲ್ಯಾಬಿಗೆ ಫೋನ್ ಮಾಡಿದೆ. "ಅಷ್ಟು ದೂರ ಯಾರು ಬರ್ತಾರೆ ಮೇಡಂ, ನೀವೇ ಒಂದು ಕ್ಯಾನ್ ತುಂಬಿ ಕಳಿಸ್ಬಿಡಿ," ಎಂದರು. ನಾನು ಆರು ಬೇಸಿನ್ನು ಹೆಚ್ಚಿಸಿದ್ದೆ, ತೊಟ್ಟಿಗಳು ಮಾತ್ರ ಹಳೆಯ ಮೂರೇ. ನೀರು ಪಾಸಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಈಗ ಇಪ್ಪತ್ನಾಲ್ಕು ಹೆಂಗಸರ ಕೆಲಸ. ಖಾಲಿ ಕ್ಯಾನು ಮುಂದಿಟ್ಟುಕೊಂಡು ಅಶ್ವತ್ಥಪ್ಪನವರಿಗೆ ಫೋನ್ ಮಾಡಿದೆ. ಅವರ ಮಗಳು ಎತ್ತಿಕೊಂಡಳು.

"ಅಪ್ಪ ಹೋಗಿ ಹನ್ನೊಂದು ದಿನ ಆಯ್ತು ಆಂಟಿ. ಯಾರ್ಯಾರಿಗೆ ಹೇಳ್ಬೇಕೋ ನಮಗೆ ಗೊತ್ತಾಗ್ಲಿಲ್ಲ."

ಮೂರನೇ ತೊಟ್ಟಿಯ ಕಟ್ಟೆಯ ಮೇಲೆ ಕೂತು ಅತ್ತೆ. ಆ ಮನುಷ್ಯನಿಗೆ ಒಂದು ಒಳ್ಳೆಯ ಮಾತೂ ಆಡಿರಲಿಲ್ಲ ನಾನು. ಫೋನ್ ಮಾಡಿದ್ದು ಕೂಡ ಯೋಗಕ್ಷೇಮ ಕೇಳಲಿಕ್ಕಲ್ಲ. ಇದೊಂದು ಸಲ ಪರವಾಗಿಲ್ಲ ಎಂದು ಅವರ ಬಾಯಿಂದ ಹೇಳಿಸಿಕೊಳ್ಳುವ ಆಸೆಯಿತ್ತು. ಅವರು ಹೇಳುತ್ತಿರಲಿಲ್ಲ.

ಮುನಿಯಮ್ಮ ಬಂದು ಕ್ಯಾನು ಎತ್ತಿಕೊಂಡಳು. "ಯಾವ ನೀರು ತುಂಬ್ಲಿ ಅಕ್ಕ?"

"ಬೇಸಿನ್ನು ಖಾಲಿ ಮಾಡೋವರ್ಗೂ ಇರು," ಎಂದೆ. ಆ ನೀರು ಮೂರೂ ತೊಟ್ಟಿ ದಾಟಿ ಹೊರಗೆ ಬೀಳುವಲ್ಲಿ ನಾನೇ ಕ್ಯಾನು ಹಿಡಿದೆ.

ವರದಿ ನಾನು ಅಂದುಕೊಂಡಂತೆಯೇ ಬಂತು. ಅದನ್ನೇ ಕಚೇರಿಗೆ ಕಳಿಸಿ, ನಾಲ್ಕನೇ ತೊಟ್ಟಿ ಆಗುವವರೆಗೆ ಹೊಸ ಆರು ಬೇಸಿನ್ನು ನಿಲ್ಲಿಸುತ್ತೇನೆಂದು ಬರೆದೆ. ಆರು ಜನರಿಗೆ ನಾನೇ ವಿಷಯ ಹೇಳಿದೆ. ಒಬ್ಬಳು ಊಟದ ಡಬ್ಬಿ ಎತ್ತಿಕೊಂಡು, "ನಮ್ಮ ಹೊಟ್ಟೆ ಮೇಲೆ ಹೊಡೆದ್ರಲ್ಲಕ್ಕಾ," ಎಂದಳು. ಅವಳು ಗೇಟು ದಾಟುವವರೆಗೆ ತಲೆ ತಗ್ಗಿಸಿಕೊಂಡು ನಿಂತಿದ್ದೆ.