ಏಣಿ ಕೊಡದ ತೋಟದಿಂದ ಗ್ರೆನಡಾಕ್ಕೆ

ಬಿಸಿಲು ಏರುವ ಮೊದಲು ಕೆಲಸ ಮುಗಿಯಬೇಕು ಎನ್ನುವುದು ವಾರಿಜಾಕ್ಷಿಯವರ ಕಾನೂನು. ಬೆಳಕು ಹರಿಯುವ ಹೊತ್ತಿಗೆ ಅವರು ಕೊಕ್ಕಡದ ಹಳೆಯ ಕೊಟ್ಟಿಗೆಯಲ್ಲಿ ಗೋಣಿ ಹಾಸಿ ಕುಳಿತಾಗಿದೆ. ಎದುರಿಗೆ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಜಾಯಿಕಾಯಿಯ ಎಳೆ ಸಸಿಗಳು. ಸಸಿಯ ತಲೆ ಕತ್ತರಿಸಿ, ದಂಟನ್ನು ಸೀಳಿ, ಕಾಯಿ ಬಿಡುವ ಮರದ ಚಿಗುರನ್ನು ಚೂಪು ಮಾಡಿ ಅದರೊಳಗೆ ಕೂರಿಸಿ ಪಟ್ಟಿ ಸುತ್ತುತ್ತಾರೆ. ವೀಳ್ಯದೆಲೆಗೆ ಸುಣ್ಣ ಹಚ್ಚುವಷ್ಟು ಹೊತ್ತೂ ಹಿಡಿಯುವುದಿಲ್ಲ. “ಎಂತ ಕೇಳುದಿದ್ರೂ ಬೇಗ ಕೇಳಿ, ಗಾಯ ಒಣಗ್ತದೆ” ಎಂದು ಬಂದವರನ್ನೂ ಗದರಿಸುತ್ತಾರೆ.

ಬೀಜದಿಂದ ಬೆಳೆದ ಜಾಯಿಕಾಯಿ ಗಿಡ ಗಂಡೋ ಹೆಣ್ಣೋ ಎಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕು. ಗಂಡಾದರೆ ಹಾಕಿದ ಗೊಬ್ಬರವೆಲ್ಲ ನೀರಿನಲ್ಲಿ ಹೋಮ. ಅದಕ್ಕೇ ಕಸಿ ಕಟ್ಟುವವರು ಬೇಕು. ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಎಷ್ಟೋ ತೋಟಗಳ ಮರಗಳಿಗೆ ಇವರು ಕಟ್ಟಿದ ಗಂಟು ಇದ್ದರೂ ಕಾಯಿ ಕೊಯ್ಯುವವರಿಗೆ ಇವರ ಹೆಸರು ಗೊತ್ತಿಲ್ಲ.

ಐವತ್ತು ದಾಟಿದ ಈ ಹೆಂಗಸು ಬರುವ ಜನವರಿಯಲ್ಲಿ ಗ್ರೆನಡಾಕ್ಕೆ ಹೊರಟಿದ್ದಾರೆ. ಅದು ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ದೇಶ. ವೆಸ್ಟ್ ಇಂಡೀಸ್ ತಂಡದ ಕ್ರಿಕೆಟ್ ನೋಡುವವರಿಗೆ ಹೆಸರು ಕೇಳಿ ಗೊತ್ತಿರಬಹುದು. ಇಡೀ ದೇಶವನ್ನು ಎತ್ತಿ ತಂದು ಬೆಳ್ತಂಗಡಿ ತಾಲೂಕಿನೊಳಗೆ ಇಟ್ಟರೂ ಧಾರಾಳ ಜಾಗ ಉಳಿಯುತ್ತದೆ. ಆದರೆ ಅದರ ರಾಷ್ಟ್ರಧ್ವಜದಲ್ಲಿ ಜಾಯಿಕಾಯಿ ಇದೆ. “ಬಾವುಟದಲ್ಲಿ ಕಾಯಿ ಇಟ್ಟವರು ಅಂದ್ರೆ ಮರ್ಯಾದೆ ಗೊತ್ತಿದ್ದವರೇ” ಎನ್ನುತ್ತಾರೆ ವಾರಿಜಾಕ್ಷಿ.

ಈ ಪ್ರಯಾಣದ ಬೇರು ಒಂದು ತಪ್ಪಿನಲ್ಲಿದೆ. ಮರ ನೆಟ್ಟಗೆ ಏರಬೇಕಾದರೆ ತುದಿಯಲ್ಲಿ ನೆಟ್ಟಗೆ ಬೆಳೆದ ಚಿಗುರನ್ನೇ ಕಸಿಗೆ ತರಬೇಕು. ಪಕ್ಕದ ಕೊಂಬೆಯ, ಅಂದರೆ ಗೆಲ್ಲಿನ ಚಿಗುರು ಕಟ್ಟಿದರೆ ಮರ ಮೇಲೇಳದೆ ಕೊಡೆಯ ಹಾಗೆ ಹರಡುತ್ತದೆ. ಊರಿನ ಕೃಷಿಕ ಮುಂಡಪ್ಪನವರ ತೋಟದಲ್ಲಿ ಮೊದಲ ಸಲ ಕಸಿಗೆ ಹೋದಾಗ ವಾರಿಜಾಕ್ಷಿ ಏಣಿ ಕೇಳಿದ್ದರು. ಹೆಂಗಸು ಮರ ಹತ್ತುವುದುಂಟೇ ಎಂದು ನಕ್ಕು ಯಜಮಾನರು ಏಣಿಯನ್ನು ಕೊಡಲಿಲ್ಲ. ವಾರಿಜಾಕ್ಷಿ ನೆಲದಲ್ಲಿ ನಿಂತು ಕೈಗೆ ಸಿಕ್ಕಿದ ಗೆಲ್ಲನ್ನೇ ಕೊಯ್ದು ಕಟ್ಟಿದರು. ಮರಗಳು ತಗ್ಗಿಗೇ ಹರಡಿದವು. ಊರು ಅವಕ್ಕೆ ವಾರಿಜಾಕ್ಷಿಯ ಕೊಡೆಗಳು ಎಂದು ಹೆಸರಿಟ್ಟು ನಕ್ಕಿತು.

ಅವನ್ನು ಕಡಿಸಲು ಮುಂಡಪ್ಪನವರು ಗರಗಸ ತರಿಸಿದ ದಿನ ವಾರಿಜಾಕ್ಷಿ ಮರದ ಬುಡದಲ್ಲಿ ಕುಳಿತುಬಿಟ್ಟರಂತೆ. “ಏಣಿ ಕೊಡದ ತಪ್ಪು ಅವರದ್ದು, ತಲೆ ಹೋಗುದು ಮರದ್ದಾ? ಕಾಯಿ ಬಿಡದಿದ್ರೆ ನಾನೇ ಕಡೀತೇನೆ ಅಂದೆ.” ಮರಗಳು ಕಾಯಿ ಬಿಟ್ಟವು. ನಿಂತಲ್ಲೇ ಕೊಯ್ಯಬಹುದಾದ ಕಾಯಿ. ಆಮೇಲೆ ಮನೆಯಲ್ಲೇ ಬಿದಿರಿನ ಏಣಿ ಕಟ್ಟಿಸಿಕೊಂಡು ತುದಿ ಚಿಗುರಿನ ಕಸಿಯನ್ನೂ ಕಲಿತರು. ನಕ್ಕವರ ಬಾಯಿ ಮಾತ್ರ ಮುಚ್ಚಲಿಲ್ಲ.

ಕಳೆದ ವರ್ಷ ಸಾಂಬಾರ ಬೆಳೆಗಳ ಅಧ್ಯಯನ ಪ್ರವಾಸದಲ್ಲಿ ಆ ತೋಟ ನೋಡಲು ಗ್ರೆನಡಾದ ರೈತ ಮಹಿಳೆ ಅಗಾಥಾ ಬಂದರು. ಅವರ ದ್ವೀಪದಲ್ಲಿ 2004ರ ಐವಾನ್ ಚಂಡಮಾರುತ ಎತ್ತರದ ಜಾಯಿಕಾಯಿ ಮರಗಳನ್ನು ಸಾಲುಸಾಲಾಗಿ ಕೆಡವಿತ್ತು. ಮತ್ತೆ ನೆಟ್ಟವಕ್ಕೂ ಗಾಳಿಯ ಭಯ. ತಗ್ಗಿನ ಮರಗಳನ್ನು ಕಂಡವರೇ ಅಗಾಥಾ ಅಲ್ಲೇ ನಿಂತರು. ಇಂಥವೇ ತನಗೆ ಬೇಕು, ಕಟ್ಟಿದವರು ಬಂದು ಕಲಿಸಲಿ ಎಂದರು.

ಮುಂಡಪ್ಪನವರು ಅಳಿಯ ಉಜ್ವಲ್‌ನನ್ನು ಮುಂದೆ ಮಾಡಿದರು. ಅವನಿಗೆ ಇಂಗ್ಲಿಷ್ ಬರುತ್ತದೆ; ವಾರಿಜಾಕ್ಷಿಯ ಕೈ ಕೆಲಸವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ತೋರಿಸಿದರಾಯಿತು ಎನ್ನುವುದು ಅವರ ಲೆಕ್ಕ. ಮೊಬೈಲ್ ಎದುರಿಗೆ ಬಂದದ್ದೇ ತಡ, ವಾರಿಜಾಕ್ಷಿ ತಲೆಗೆ ಸುತ್ತಿದ್ದ ಬೈರಾಸು ವಸ್ತ್ರ ಬಿಚ್ಚಿ ಕೈಗಳ ಮೇಲೆ ಮುಚ್ಚಿದರು. “ನಗುವಾಗ ನನ್ನ ಕೊಡೆ, ಕರೆ ಬಂದಾಗ ನಿಮ್ಮ ತೋಟವಾ? ಕೈ ಬೇಕಾದ್ರೆ ಅದರೊಟ್ಟಿಗೆ ನಾನೂ ಬರ್ತೇನೆ ಮಾರಾಯ್ರೇ.” ಓದುವವರು ಕ್ಷಮಿಸಲಿ, ಇದನ್ನು ಕೇಳಿ ಚಪ್ಪಾಳೆ ತಟ್ಟಬೇಕೆನ್ನಿಸಿತು. ವಿಷಯ ತಿಳಿದ ಅಗಾಥಾ ಆಹ್ವಾನವನ್ನು ನೇರ ವಾರಿಜಾಕ್ಷಿಗೇ ಕಳಿಸಿದರು.

ದಾರಿ ಹೇಳಿಕೊಡುತ್ತಿರುವವರು ಫರಂಗಿಪೇಟೆಯಲ್ಲಿ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟಿರುವ ರಿಫಾ. “ಗಲ್ಫಿಗೆ ಕಣ್ಣು ಮುಚ್ಚಿ ಟಿಕೆಟ್ ಮಾಡ್ತೇನೆ. ಇದಕ್ಕೆ ನಾನೇ ಭೂಪಟ ನೋಡ್ಬೇಕಾಯ್ತು” ಎಂದು ನಗುತ್ತಾರೆ. ದ್ವೀಪಕ್ಕೆ ಅತಿಥಿಯಾಗಿ ಹೋಗಲು ನಮ್ಮ ಪಾಸ್‌ಪೋರ್ಟಿಗೆ ಮುಂಚಿತ ವೀಸಾ ಬೇಡ; ದಾರಿಯಲ್ಲಿ ವಿಮಾನ ಬದಲಿಸುವ ಲಂಡನ್ನಿಗೆ ಬೇಕು. ಅದು ಬರುವ ತನಕ ವಾರಿಜಾಕ್ಷಿಗೆ ಊಟ ಸೇರಿರಲಿಲ್ಲ. ಕಳೆದ ವಾರ ಬಂದಿದೆ.

ಜನವರಿಯಿಂದ ಮೇವರೆಗೆ ಅಲ್ಲಿ ಮಳೆ ಕಡಿಮೆ. ಮಾತು ಇಂಗ್ಲಿಷ್, ನಾಣ್ಯ ಪೂರ್ವ ಕೆರಿಬಿಯನ್ ಡಾಲರ್, ವಾಹನ ನಮ್ಮಂತೆ ಎಡಬದಿಗೆ. ನಮಗೆ ಬೆಳಗ್ಗೆ ಆರಾದರೆ ಅಲ್ಲಿ ಹಿಂದಿನ ರಾತ್ರಿ ಎಂಟೂವರೆ. ಮಿಲಿಟರಿ ಬಣ್ಣದ ಬಟ್ಟೆ ಅಲ್ಲಿ ಕಾನೂನುಬಾಹಿರ. ಹಾಗಾಗಿ ಗಂಡ ಕೂಸಪ್ಪ ಆಸೆಯಿಂದ ಕೊಟ್ಟ ಆ ಬಣ್ಣದ ಟೊಪ್ಪಿ ಪೆಟ್ಟಿಗೆಯಿಂದ ಹೊರಬಿದ್ದಿದೆ. ಬಸ್ಸೆಂದರೆ ವ್ಯಾನು, ಇಳಿಯಬೇಕಾದಲ್ಲಿ ಅದರ ಮೈಗೆ ಬಡಿಯಬೇಕು. “ಚಾರ್ಮಾಡಿ ಜೀಪಿಗೆ ಬಡಿದು ಅಭ್ಯಾಸ ಉಂಟು” ಎನ್ನುತ್ತಾರೆ ವಾರಿಜಾಕ್ಷಿ.

ನೂರೈವತ್ತು ವರ್ಷಗಳಿಗೂ ಹಿಂದೆ ನಮ್ಮ ದೇಶದ ಕೂಲಿಗಳನ್ನು ಹಡಗಿನಲ್ಲಿ ಆ ದ್ವೀಪಕ್ಕೆ ಒಯ್ದಿದ್ದರು ಎಂದು ರಿಫಾ ಓದಿ ಹೇಳಿದರು. ಅದಕ್ಕೆ ವಾರಿಜಾಕ್ಷಿ ಹೇಳಿದ್ದು: “ಪಾಪ, ಅವರನ್ನು ಕೊಂಡುಹೋದದ್ದು. ನಾನು ಹೋಗುದು.”

ಗಿಡ, ಬೀಜ, ಮಣ್ಣು ಒಯ್ಯುವ ಹಾಗಿಲ್ಲ. ಕಸಿಯ ಚೂರಿ ಕೈಚೀಲದಲ್ಲಿ ಇರಬಾರದು, ದೊಡ್ಡ ಪೆಟ್ಟಿಗೆಗೆ ಹಾಕಬೇಕು. ಚೂರಿಯನ್ನು ಸೆರಗಿನಲ್ಲಿ ಒರೆಸುತ್ತ, ವಿಮಾನವೆಂದರೆ ಹೆದರಿಕೆಯಿಲ್ಲವೇ ಎಂಬ ಪ್ರಶ್ನೆಗೆ ಅವರು ತಲೆಯೆತ್ತಿ ನೋಡುತ್ತಾರೆ.

“ಎಂತ ಹೆದರಿಕೆ? ಅದಕ್ಕೂ ಏಣಿ ಉಂಟಂತೆ. ಅದನ್ನು ಕೊಡ್ಲಿಕ್ಕಿಲ್ಲ ಅಂತ ಹೇಳ್ಲಿಕ್ಕೆ ಅಲ್ಲಿ ಮುಂಡಪ್ಪಣ್ಣ ಇಲ್ಲವಲ್ಲ.”