ಗೀಸರಿನ ಕೊರಳಿಗೆ ಹಿಂಡ್ಲೆಕಾಯಿ

ನೀರು ತುಂಬುವ ಹಬ್ಬದ ಸಂಜೆ. ಮೈತುಂಬ ಸೋಪು ಹಚ್ಚಿಕೊಂಡು ಮತ್ತೆ ನಲ್ಲಿ ತಿರುಗಿಸಿದರೆ, ಅಷ್ಟು ಹೊತ್ತು ಚೆನ್ನಾಗಿದ್ದ ಗ್ಯಾಸ್ ಗೀಸರು ಟಕಟಕ ಎಂದು ಹೊತ್ತಿ ಪುಸಕ್ಕನೆ ಆರಿತು. ಮತ್ತೆ ತಿರುಗಿಸಿದೆ, ಅದೇ ಕತೆ. ಟವೆಲು ಸುತ್ತಿ, ಕಣ್ಣು ಮುಚ್ಚಿಕೊಂಡೇ ಸಿಲಿಂಡರು ನೋಡಲು ಹೊರಬಂದರೆ ಕಾಲಿಗೆ ಯಾರೋ ಅಡ್ಡ ಸಿಕ್ಕರು. ಸಿಲಿಂಡರು ತರುವವನೇ ಇರಬೇಕೆಂದು, "ಎಂತ ಮಾರಾಯಾ, ಗ್ಯಾಸು ತುಂಬಿದ್ಯೋ, ಬರೀ ಗಾಳಿಯೋ?" ಎಂದು ಗದರಿದೆ. ನಮಸ್ಕಾರಕ್ಕೆ ಬಗ್ಗಿದ್ದ ಹೊಸ ಅಳಿಯ ಸಂತೋಷ ಬಗ್ಗಿದಲ್ಲೇ ಉಳಿದ.

ಮರುದಿನ ನಸುಕಿಗೆ ಅಳಿಯನ ಮೊದಲ ದೀಪಾವಳಿಯ ಎಣ್ಣೆಸ್ನಾನ ಆಗಬೇಕು. "ಟೀ ಪಾತ್ರೇಲಿ ಕಾಸಿ ಹೊಯ್ಲ? ಭಟ್ಕಳದ ಬೀಗರು ವರ್ಷಪೂರ್ತಿ ಅದನ್ನೇ ಆಡ್ಕಂಬ್ರು" ಎಂದಳು ಹೆಂಡತಿ ಮಾಲತಿ. "ಹಂಡೆ ಇದ್ದಿದ್ರೆ..." ಅಷ್ಟಕ್ಕೇ ನಿಲ್ಲಿಸಿ ನನ್ನನ್ನು ನೋಡಿದಳು. ಅವಳ ಅತ್ತೆಯ ಕಾಲದ ತಾಮ್ರದ ಹಂಡೆ ಕೀಳಿಸಿ ಗೀಸರು ಹಾಕಿಸಿದ್ದು ನಾನು. ಹಂಡೆಯನ್ನು ಗುಜರಿಗೆ ಕೊಡುತ್ತೇನೆಂದು ಒಯ್ದದ್ದು ಗೀಸರು ಕೂರಿಸಿದ ಜಗದೀಶ. ಅದು ಗುಜರಿ ಮುಟ್ಟಿತೆಂದು ಮಾಲತಿ ಇಂದಿಗೂ ನಂಬಿಲ್ಲ.

ಫೋನು ಮಾಡಿದ್ದಕ್ಕೆ ಹಳದೀಪುರದಿಂದ ಬೈಕಿನಲ್ಲಿ ಜಗದೀಶ ಬಂದ. ಮೊದಲು ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದವ. ಇಂಜಿನ್ನಿಗೆ ಉಪ್ಪುನೀರು ನುಗ್ಗಿಸಿ "ನಾವು ಮುಟ್ಟಲೇ ಇಲ್ಲ" ಎನ್ನುವ ಬೋಟಿನವರನ್ನು ಕಂಡೂ ಕಂಡೂ, ಮಷೀನಿಗಿಂತ ಮೊದಲು ಮನೆಯವರನ್ನು ಬಿಚ್ಚಿ ನೋಡುವ ಅಭ್ಯಾಸ ಅವನಿಗೆ. ಕೆಲಸ ಮುಗಿಯುವವರೆಗೆ ಚಾ ಕುಡಿಯುವುದಿಲ್ಲ. ಏನೋ ಮುಚ್ಚಿಟ್ಟವರೇ ಮೊದಲು ಚಾ ತರುತ್ತಾರಂತೆ. ಮಾಲತಿ ತಂದ ಚಾ ಕಟ್ಟೆಯ ಮೇಲೆ ಆರುತ್ತ ಕೂತಿತು.

"ಮಾಸ್ತರ್ರೇ, ಗೀಸರಿನ ಸೆಲ್ಲು ತೆಗ್ದು ಟೀವಿ ರಿಮೋಟಿಗೆ ಹಾಕ್ದ್ರಾ?"

"ಇಲ್ವೋ."

ನಂಬದೆ ತೆಗೆದು ನೋಡಿದ. ಇದ್ದವು. ನನಗೇ ಆಶ್ಚರ್ಯವಾಯಿತು. ಆಮೇಲೆ ಅಳಿಯನ ಕಡೆ ತಿರುಗಿದ. "ಇವ್ರು ಯಾವಾಗ ಬಂದ್ರು?"

"ಆರಿದ ಮೇಲೆ" ಎಂದ ಸಂತೋಷ, ಸಾಕ್ಷಿಕಟ್ಟೆಯಲ್ಲಿ ನಿಂತವನಂತೆ.

ಜಗದೀಶ ನಲ್ಲಿ ತಿರುಗಿಸಿದ. ಬೆಂಕಿ ಬಂತು, ಹೋಯಿತು. "ಗ್ಯಾಸೂ ಬತ್ತದೆ, ಕಿಡೀನೂ ಬತ್ತದೆ. ಬೆಂಕಿ ಹತ್ತಿದ್ದು ಇದಕ್ಕೆ ಗೊತ್ತೇ ಆಗ್ತಿಲ್ಲ. ಯಾರು ಮುಟ್ಟಿದ್ರು?"

"ಯಾರೂ ಮುಟ್ಟಲಿಲ್ಲ" ಎಂದೆವು ಗಂಡಹೆಂಡತಿ ಒಟ್ಟಿಗೆ. ಅಷ್ಟು ಒಗ್ಗಟ್ಟು ಅವನಿಗೆ ಇನ್ನೂ ಅನುಮಾನ ತಂದಿತು.

ಗೀಸರಿನ ಮೈಮೇಲೆ ಶೇಡಿಮಣ್ಣು ಕಲಸಿ ಬರೆದ ಬಿಳಿ ಗೆರೆಗಳು, ಕೊರಳಿಗೆ ಹಬ್ಬದಲ್ಲಿ ಹಂಡೆಗೆ ಕಟ್ಟುವ ಹಿಂಡ್ಲೆಕಾಯಿ ಮಾಲೆ. ಬೆಂಕಿ ಇಣುಕಿ ನೋಡುವ ತೂತಿನ ಸುತ್ತ ಧಾರಾಳವಾದೊಂದು ಬೊಟ್ಟು. ಜಗದೀಶ ಮುಚ್ಚಳ ಬಿಚ್ಚಿ ಬ್ಯಾಟರಿ ಬೆಳಕು ಬಿಟ್ಟ. ತೂತಿನ ಹಿಂದೆ, ಬೆಂಕಿಯ ಸುಳಿವು ಹಿಡಿಯುವ ಸಣ್ಣ ಕಡ್ಡಿಗೂ ಶೇಡಿ ಇಳಿದು ಬಿಳಿಯಾಗಿತ್ತು.

"ಹಸಿ ಇದ್ದಾಗ ನಡೀತು. ಕಾಯ್ದು ಗಟ್ಟಿ ಆತು, ನಿಂತ್ತು. ಅಕ್ಕ, ಇದಕ್ಕೆ ಶೇಡಿ ಬರೆಯೂದಾ?"

"ಹಂಡೆ ಇಲ್ದೇ ಹೋದ್ರೆ ಮತ್ತೆಂತಕ್ಕೆ ಬರೀಲಿ, ಇವ್ರ ತಲೆಗಾ?"

ಅವನು ಕಡ್ಡಿಯನ್ನು ಪಾಲಿಶ್ ಕಾಗದದಿಂದ ತಿಕ್ಕಿ ನಲ್ಲಿ ಬಿಟ್ಟ. ನೀಲಿ ಬೆಂಕಿ ಆರದೆ ನಿಂತಿತು, ನೀರು ಹೊಗೆಯಾಡಿತು. ಮಾಲತಿಯ ಮುಖ ಸಡಿಲವಾಯಿತು. ಜಗದೀಶ ಆರಿದ ಚಾ ಎತ್ತಿಕೊಂಡ. ಅವನು ಎರಡು ಗುಟುಕು ಕುಡಿಯುವವರೆಗೆ ಅವಳು ಕಾದಳು.

"ಅಲ್ದಾ ಜಗದೀಶ, ನಾಳೆ ನಿಮ್ಮನೀಲಿ ನೀರು ಎಂತದ್ರಲ್ಲಿ ಕಾಸ್ತ್ರು?"

ಜಗದೀಶ ಲೋಟ ಕೆಳಗಿಟ್ಟ.

"ನಿಮ್ಮ ಹಂಡೇಲಿ, ಅಕ್ಕ."