ಚೆಂಡು ನನ್ನ ಕೈಯಲ್ಲೇ ಇತ್ತು

ಚಿನ್ನದ ಗಣಿ ಮುಚ್ಚಿ ಹತ್ತು ಹನ್ನೆರಡು ವರ್ಷ ಆಗಿತ್ತು. ನಾನಾಗ ಕೆಜಿಎಫ್‌ನಲ್ಲಿ ಐಟಿಐ ಓದುತ್ತಿದ್ದೆ. ತರಗತಿ ಮುಗಿದ ಮೇಲೆ ಬಂಗಾರಪೇಟೆ ಕಡೆಗೆ ಹೋಗುವ ಸಂಜೆ ರೈಲಿಗೆ ಇನ್ನೂ ಒಂದೂವರೆ ಗಂಟೆ ಇರುತ್ತಿತ್ತು. ಆ ಹೊತ್ತನ್ನೆಲ್ಲ ಊರಿಗಾಂನ ಬೌಲಿಂಗ್ ಶೆಡ್ಡಿನಲ್ಲಿ ಕಳೆಯುತ್ತಿದ್ದೆ.

ಬೌಲಿಂಗ್ ಅಂದರೆ ಈಗಿನ ಮಾಲ್‌ಗಳಲ್ಲಿ ಇರುವಂಥದ್ದಲ್ಲ. ತಗಡಿನ ಶೆಡ್ಡು, ಉದ್ದಕ್ಕೆ ಹಾಸಿದ ಹಲಗೆ, ಆ ತುದಿಯಲ್ಲಿ ನಿಲ್ಲಿಸಿದ ಒಂಬತ್ತು ಮರದ ಗೂಟ. ಮರದ ಚೆಂಡು ಉರುಳಿಸಿ ಅವನ್ನು ಬೀಳಿಸಬೇಕು, ಅಷ್ಟೇ. ಗೂಟ ಸೀಳಿದರೆ ನಾನೇ ಐಟಿಐನ ಲೇತ್ ಯಂತ್ರದಲ್ಲಿ ಹೊಸದು ಕಡೆದು ತರುತ್ತಿದ್ದೆ. ಅಬ್ಬಾ, ಏನು ಗಲಾಟೆ, ಏನು ನಗು! ತಮಿಳಿನಲ್ಲಿ ಬೈದವನಿಗೆ ತೆಲುಗಿನಲ್ಲಿ ಉತ್ತರ. ಅಷ್ಟು ಖುಷಿಯಾಗಿ ನಾನು ಮತ್ತೆ ಎಲ್ಲೂ ಆಡಿಲ್ಲ.

ಶೆಡ್ಡು ನೋಡಿಕೊಳ್ಳುತ್ತಿದ್ದವರು ಮುನುಸ್ವಾಮಿಯಣ್ಣ. ಗಣಿಯಲ್ಲಿ ಡ್ರಿಲ್ ಹಿಡಿದು ದುಡಿದವರು. ಒಮ್ಮೆ ಒಳಗೆ ಬಂಡೆ ಸಿಡಿದು ಜೊತೆಗಾರರಿಬ್ಬರು ಕಣ್ಣೆದುರೇ ಸತ್ತಿದ್ದರಂತೆ. ಶೆಡ್ಡಿನ ಕೆಳಗೂ ಗಣಿಯ ಹಳೇ ಸುರಂಗವಿತ್ತು. ಅದಕ್ಕೇ ನೆಲದಲ್ಲಿ ಸಣ್ಣ ಸದ್ದಾದರೂ ಬೆಚ್ಚಿ, "ಸುಮ್ನಿರ್ರಲಾ" ಎಂದು ಬಗ್ಗಿ, ನೆಲ ಅದುರುತ್ತಿದೆಯೇ ಎಂದು ಅಂಗೈ ಊರಿ ನೋಡುತ್ತಿದ್ದರು. ನಾವು ಪೋಲಿಗಳು, ಬೇಕಂತಲೇ ಅವರ ಬೆನ್ನ ಹಿಂದೆ ಚೆಂಡು ಬಿಟ್ಟು ನಗುತ್ತಿದ್ದೆವು. ಅವರೂ "ಕತ್ತೆ ನನ್ಮಕ್ಳಾ" ಎಂದು ಬೈದು ನಗುತ್ತಿದ್ದರು.

ಅವತ್ತು ನನ್ನ ಕೊನೆಯ ಸರದಿ. ಇನ್ನೆರಡು ಗೂಟ ಬಿದ್ದರೆ ಜೊತೆಗೆ ಓದುತ್ತಿದ್ದ ನಾಗೇಶನನ್ನು ಮೊದಲ ಸಲ ಸೋಲಿಸುತ್ತಿದ್ದೆ. ಆಗ ಗುಡುಗುಡು ಎಂದು ಚೆಂಡು ಉರುಳಿದ ಸದ್ದಾಯಿತು.

"ಯಾರ್ಲಾ ಉಳ್ಳಿಸಿದ್ದು?" ಎಂದರು ಅಣ್ಣ.

ಶೆಡ್ಡಿನಲ್ಲಿದ್ದದ್ದು ಒಂದೇ ಚೆಂಡು, ಅದು ನನ್ನ ಕೈಯಲ್ಲೇ ಇತ್ತು. ಅಣ್ಣ ಅದನ್ನು ನೋಡಿದ್ದೇ ತಡ, "ಓಡ್ರಲಾ! ಆಚೆ ಓಡ್ರಿ!" ಎಂದು ಕಿರುಚಿದರು.

ಎಲ್ಲರೂ ಓಡಿದರು. ನಾನು ಓಡಲಿಲ್ಲ. ಇವರದು ದಿನಾ ಇದ್ದಿದ್ದೇ, ಒಂದು ಸಲ ಉರುಳಿಸಿ ಹೋಗೋಣ ಎಂದುಕೊಂಡು ಬಗ್ಗಿದೆ. ಹೊರಗೆ ಹೋಗಿದ್ದ ಅಣ್ಣ ವಾಪಸ್ ನುಗ್ಗಿ ಬಂದರು. "ಡೇಯ್, ವಾಡಾ! ಬಾರ್ಲಾ ಆಚೆ, ಸಾಯ್ತೀಯ ಕಣ್ಲಾ!" ಎನ್ನುತ್ತಾ ಕತ್ತಿನ ಪಟ್ಟಿ ಹಿಡಿದು ನನ್ನನ್ನು ಬಾಗಿಲಾಚೆ ತಳ್ಳಿದರು. ನಾನು ಮುಗ್ಗರಿಸಿ ಬಿದ್ದು ತಿರುಗುವಷ್ಟರಲ್ಲಿ ನೆಲ ಕುಸಿದು ಅರ್ಧ ಶೆಡ್ಡು ಕೂತುಬಿಟ್ಟಿತ್ತು. ತೊಲೆ ಅವರ ಎದೆಯ ಮೇಲಿತ್ತು. ಎತ್ತಿ ತೆಗೆದಾಗ ಉಸಿರಿರಲಿಲ್ಲ.

ಅವರ ಹೆಂಡತಿ ಚೆಲ್ಲಮ್ಮಕ್ಕ ಓಡಿ ಬಂದರು. "ಆಚೆ ಬಂದಿದ್ದೋರು ಮತ್ತೆ ಯಾಕೆ ಒಳಗೋದ್ರು?" ಎಂದು ಎಲ್ಲರನ್ನೂ ಕೇಳಿದರು. ಮೊದಲೇ ಓಡಿದವರು ರಸ್ತೆ ಸೇರಿದ್ದರು, ಅಣ್ಣ ತಿರುಗಿ ಒಳಗೆ ನುಗ್ಗಿದ್ದಷ್ಟೇ ಕಂಡಿತ್ತು, ಆಮೇಲೆ ಆ ಧೂಳಿನಲ್ಲಿ ಯಾರಿಗೂ ಏನೂ ಕಂಡಿರಲಿಲ್ಲ. "ಮೊಳೆಗೆ ಶರ್ಟು ನೇತಾಕಿದ್ರಲ್ಲ, ಅದು ತರೋಕೆ ಇರ್ಬೇಕಕ್ಕಾ" ಎಂದ ನಾಗೇಶ. ನಾನು ಪಕ್ಕದಲ್ಲೇ ನಿಂತಿದ್ದೆ.

ಶೆಡ್ಡು ಮತ್ತೆ ತೆರೆಯಲಿಲ್ಲ. ಈಗಲೂ ಆಗಾಗ ಅಕ್ಕನನ್ನು ನೋಡಲು ಹೋಗುತ್ತೇನೆ. ಊಟಕ್ಕೆ ಬಡಿಸುತ್ತಾ ಗಂಡನ ಫೋಟೋ ತೋರಿಸಿ ಬೈಯುತ್ತಾರೆ: "ಒಂದು ಹಳೇ ಶರ್ಟಿಗೋಸ್ಕರ ಪ್ರಾಣ ಕೊಟ್ರು ನೋಡಪ್ಪಾ. ಬುದ್ಧಿ ಇತ್ತಾ ಆ ಮನುಷ್ಯನ್ಗೆ?" ನಾನು ತಲೆ ತಗ್ಗಿಸಿ ಉಣ್ಣುತ್ತೇನೆ. ಥೂ, ನನ್ನ ಜನ್ಮಕ್ಕಿಷ್ಟು!

ಇಷ್ಟು ವರ್ಷವಾದ ಮೇಲೆ ಇದನ್ನು ಪತ್ರಿಕೆಗೆ ಬರೆದು ಕಳಿಸುತ್ತಿದ್ದೇನೆ. ಚೆಲ್ಲಮ್ಮಕ್ಕನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅಚ್ಚಾದರೆ ನಾನೇ ಅವರೆದುರು ಕೂತು ಓದಿ ಹೇಳಬೇಕು.